ಕೂಸಿನ ಹೆಸರಿಗಾಗಿ ಚೇಳಿನಾಟ

ನಮ್ಮ ಮೊಮ್ಮಗಳಿಗೆ ಹೆಸರಿಟ್ಟೆವು! ಹುಟ್ಟಿ ಒಂದು ತಿಂಗಳು ಬರೀ ‘ಕೂಸು’ ಎಂದು ಕರೆಸಿಕೊಂಡವಳು ನಿನ್ನೆ ಸಂಜೆ ತೊಟ್ಟಿಲಲ್ಲಿ ಮಲಗಿ ಹೆಸರುಳ್ಳ ಮನುಷ್ಯಳಾಗಿ ಎದ್ದಳು. ನನಗೆ ಆಗಿರುವ ಸಂತೋಷ ಎಷ್ಟೆಂದರೆ ಆಳಂದದಲ್ಲಿ ನಮ್ಮ ಓಣಿಯ ನಾಯಿಗಳಿಗೂ ಫೋನು ಮಾಡಿ ಹೇಳೋಣ ಎನಿಸುತ್ತಿದೆ. ಮನುಷ್ಯರಿಗೆಲ್ಲ ಹೇಳಿ ಮುಗಿದಿದೆ. ಹೆಸರು ಯಾವುದು ಎಂದು ನೀವು ಕೇಳುತ್ತೀರಿ, ಗೊತ್ತು. ಸ್ವಲ್ಪ ತಡೆಯಿರಿ. ನಾನು ಓದಿದ್ದು ನಾಲ್ಕನೇ ಇಯತ್ತೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ ಎಂದು ಕಲಿಸುವುದು ಬಹುಶಃ ಐದನೇ ಇಯತ್ತೆಯಲ್ಲಿ.

ಹೆಸರಿನ ವಿಷಯದಲ್ಲಿ ಲೋಕದ ರೀತಿ ವಿಚಿತ್ರ. ಹೊರುವುದು ಒಬ್ಬಳು, ಹೆರುವುದು ಅವಳೇ, ರಾತ್ರಿಯೆಲ್ಲ ಎದ್ದು ಕೂರುವುದೂ ಅವಳೇ. ಆದರೆ ಹೆಸರಿನ ಮಾತು ಬಂದಾಗ ನಡುಮನೆಯಲ್ಲಿ ಕಾಲು ಚಾಚಿ ಕೂತವರಿಗೆಲ್ಲ ಹಕ್ಕು ಬರುತ್ತದೆ. ನಾನೂ ಹಾಗೆ ಕಾಲು ಚಾಚಿ ಕೂತವಳೇ. ನನಗೆ ನನ್ನ ಅವ್ವನ ಹೆಸರು ಇಡಬೇಕಿತ್ತು: ಗುರುಬಾಯಿ. ಎಂಥ ತೂಕದ ಹೆಸರು! ನಮ್ಮ ಬೀಗತಿ, ಅಂದರೆ ಸೊಸೆ ರೇಣುಕಾಳ ತಾಯಿ ಶಾಂತಾಬಾಯಿ, ಜೇವರ್ಗಿಯವಳು. ಆಕೆಗೆ ಆಕೆಯ ಅತ್ತೆಯ ಹೆಸರು ಬೇಕಿತ್ತು: ಚಂದಮ್ಮ. ಆ ಅತ್ತೆ ಬದುಕಿದ್ದಾಗ ಬೀಗತಿ ಆಕೆಯ ಜೊತೆ ಏಳು ವರ್ಷ ಮಾತು ಬಿಟ್ಟಿದ್ದಳೆಂದು ಇಡೀ ಜೇವರ್ಗಿಗೆ ಗೊತ್ತು. ಸತ್ತವರ ಮೇಲೆ ಪ್ರೀತಿ ಉಕ್ಕುವುದಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ, ಅವರು ತಿರುಗಿ ಮಾತಾಡುವುದಿಲ್ಲ ನೋಡಿ.

ಹದಿಮೂರನೇ ದಿನಕ್ಕೆ ಇಡಬೇಕಾಗಿದ್ದ ಹೆಸರು ಹೀಗೆ ನಮ್ಮಿಬ್ಬರ ಜಗಳದಲ್ಲಿ ನಿಂತುಹೋಯಿತು. ನಮ್ಮ ಯಜಮಾನರು, ಬೀಗರು ಇಬ್ಬರೂ ‘ಇದರಾಗ ನಾವಿಲ್ಲ’ ಎಂದು ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟರು. ಕೊನೆಗೆ ಭಾನುವಾರ ಸಂಜೆ ತೊಟ್ಟಿಲು ಎಂದು ನಿಶ್ಚಯವಾಗಿ ನಾವು ಆಳಂದದಿಂದ ಜೇವರ್ಗಿಗೆ ಹೋದೆವು. ಮಧ್ಯಾಹ್ನವಾಯಿತು, ಓಣಿಯ ಮುತ್ತೈದೆಯರಿಗೆ ಹೇಳಿಕಳಿಸಿಯೂ ಆಯಿತು, ಹೆಸರು ಮಾತ್ರ ಇನ್ನೂ ಇಲ್ಲ. ನಾನು ‘ಗುರುಬಾಯಿ’ ಅಂದರೆ ಬೀಗತಿ ಕೆಮ್ಮುತ್ತಿದ್ದಳು. ಆಕೆ ‘ಚಂದಮ್ಮ’ ಅಂದರೆ ನನಗೆ ಆಕಳಿಕೆ ಬರುತ್ತಿತ್ತು.

ಆಗ ಬಾಯಿ ಹಾಕಿದವನು ನನ್ನ ಮಗ ಬಸು. ಅವನ ಬಗ್ಗೆ ಎರಡು ಮಾತು. ಅಫಜಲಪುರದಲ್ಲಿ ಒಂದು ಕಚೇರಿಯಲ್ಲಿ ನೌಕರಿ. ಕಚೇರಿಯಲ್ಲಿ ಅವನು ಏನು ಮಾಡುತ್ತಾನೆಂದು ನನಗೆ ಗೊತ್ತಿಲ್ಲ. ಮನೆಯಲ್ಲಿ ಏನು ಮಾಡುತ್ತಾನೆಂಬುದು ಗೊತ್ತು. ಮೊಬೈಲಿನಲ್ಲಿ ಎಲೆ ಆಡುತ್ತಾನೆ. ನಮ್ಮ ಕಾಲದ ಇಸ್ಪೀಟು ಅಲ್ಲ. ಆನೆ, ರಾಜ, ಹಡಗು, ಮಾವಿನಹಣ್ಣು ಎಂದು ಬಣ್ಣಬಣ್ಣದ ಎಲೆಗಳು. ಸಂಡಾಸಕ್ಕೆ ಹೋದರೂ ಒಯ್ಯುತ್ತಾನೆ. ಎಷ್ಟೋ ಸಲ ಒಳಗಿನಿಂದ ಆನೆ ಘೀಳಿಟ್ಟದ್ದು ಕೇಳಿ ನಾನು ಬೆಚ್ಚಿದ್ದೇನೆ.

“ಅವ್ವಾ, ಅತ್ತಿಯವರ, ಜಗಳ ಸಾಕ್ರಿ. ಇವತ್ತ ಐತವಾರ, ಸ್ಪೆಷಲ್ ಮೋಡ್ ತೆರದಾದ. ಆಡ್ರಿ. ಗೆದ್ದವರು ಹೇಳಿದ್ದs ಹೆಸರು,” ಅಂದ.

“ಸ್ಪೆಷಲ್ ಅಂದ್ರ ಏನಪಾ, ಚಹಾ ಏನು?” ಅಂದೆ.

ಅವನು ತಾಸುಗಟ್ಟಲೆ ಹೇಳಿದ್ದನ್ನು ನಾನು ನಿಮಗೆ ಸಣ್ಣದಾಗಿ ಹೇಳುತ್ತೇನೆ. ದಿನವೂ ಆಡುವ ಆಟ ಬೇರೆ, ಶನಿವಾರ ಭಾನುವಾರ ಮಾತ್ರ ತೆರೆಯುವ ಈ ಆಟ ಬೇರೆ. ಇದರಲ್ಲಿ ನಾಲ್ಕು ಮಂದಿ ತಮ್ಮ ತಮ್ಮ ಮೊಬೈಲು ಹಿಡಿದು ದುಂಡಗೆ ಕೂರಬೇಕು. ಪ್ರತಿಯೊಬ್ಬರಿಗೆ ಐದು ಎಲೆ, ಎರಡು ದೀಪ. ಎಲ್ಲ ಎಲೆಗಳಲ್ಲಿ ಒಂದೇ ಒಂದು ಚೇಳು. ಸುತ್ತು ಬಂದಾಗಲೆಲ್ಲ ಕೈಯಲ್ಲಿನ ಒಂದು ಎಲೆಯನ್ನು ಪಕ್ಕದವರಿಗೆ ಕೊಡಲೇಬೇಕು, ಪಕ್ಕದವರು ತೆಗೆದುಕೊಳ್ಳಲೇಬೇಕು. ಮೇಲೆ ಒಂದು ಬಾಣದ ಗುರುತು. ಒಂದು ಸುತ್ತಿಗೆ ಬಲಕ್ಕೆ ಕೊಡು ಅನ್ನುತ್ತದೆ, ಮುಂದಿನ ಸುತ್ತಿಗೆ ಎಡಕ್ಕೆ. ಮೊದಲ ಮೂರು ಸುತ್ತು ನಿರ್ಭಯ. ಆಮೇಲೆ ಯಾವಾಗ ಬೇಕಾದರೂ ಗಂಟೆ ಹೊಡೆಯಬಹುದು. ಹೊಡೆದಾಗ ಚೇಳು ಯಾರ ಕೈಯಲ್ಲಿದೆಯೋ ಅವರದೊಂದು ದೀಪ ಆರುತ್ತದೆ. ಮತ್ತೆ ಮೊದಲ ಸುತ್ತಿನಿಂದ ಶುರು, ಚೇಳು ಅವರಲ್ಲೇ. ಎರಡೂ ದೀಪ ಆರಿದವರು ಹೊರಗೆ, ಅವರ ಚೇಳು ಬಲಗಡೆಯವರಿಗೆ. ಕೊನೆಗೆ ಇಬ್ಬರೇ ಉಳಿದರೆ ದೀಪ ಎಷ್ಟೇ ಇರಲಿ, ಒಂದೇ ಗಂಟೆಗೆ ತೀರ್ಮಾನ. ಇನ್ನು, ಮುಸುಕು ಎಂಬುದೊಂದಿದೆ. ಒಂದೇ ಒಂದು ಸಲ, ಕೊಡುವ ಎಲೆಯ ಮೇಲೆ ಮುಸುಕು ಹೊದಿಸಬಹುದು. ತೆಗೆದುಕೊಂಡವರಿಗೆ ಒಂದು ಸುತ್ತು ಅದು ಏನೆಂದು ಕಾಣಿಸುವುದಿಲ್ಲ.

ಕೇಳಿ ನನಗೆ ನಗು ಬಂತು. ಇದನ್ನು ಕಲಿಯಲು ಮೊಬೈಲು ಬೇಕೇ? ಬೇಡವಾದದ್ದನ್ನು ನಗುನಗುತ್ತ ಪಕ್ಕದವರ ಕೈಗೆ ಕೊಡುವುದು, ಅವರು ಬೇಡ ಅನ್ನಲಾಗದೆ ತೆಗೆದುಕೊಳ್ಳುವುದು, ಇದನ್ನೇ ಅಲ್ಲವೇ ನಾನು ನಲವತ್ತು ವರ್ಷ ಜಂಪರ್ ಪೀಸಿನಲ್ಲಿ ಮಾಡಿಕೊಂಡು ಬಂದದ್ದು? ನಮ್ಮ ಕಡೆ ಯಾರ ಮನೆಗೆ ಹೋದರೂ ಉಡಿಯಲ್ಲಿ ಒಂದು ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ, ಹಾಕಿ ಕಳಿಸುತ್ತಾರೆ. ಅದನ್ನು ಹೊಲಿಸಿದವರನ್ನು ನಾನು ಕಂಡಿಲ್ಲ. ಅದು ಹೊಲಿಸುವ ಬಟ್ಟೆಯಲ್ಲ, ತಿರುಗುವ ಬಟ್ಟೆ. ಬಸುವಿನ ಮದುವೆಯಲ್ಲಿ ಈ ಬೀಗತಿಗೆ ನಾನೊಂದು ಹಸಿರು ಪೀಸು ಕೊಟ್ಟಿದ್ದೆ, ಅಂಚಿನಲ್ಲಿ ಅರಿಶಿಣದ ಕಲೆ ಇತ್ತು. ನಾಲ್ಕು ವರ್ಷದ ಮೇಲೆ ಗೊಬ್ಬೂರಿನಲ್ಲಿ ಒಂದು ಸೀಮಂತಕ್ಕೆ ಹೋದಾಗ ಅದೇ ಹಸಿರು, ಅದೇ ಕಲೆ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಉಡಿಗೇ ಬಂದು ಬಿತ್ತು. ನಾನೇನು ಅಷ್ಟಕ್ಕೆ ಸೋಲುವವಳೇ? ಮುಂದಿನ ವಾರವೇ ಅದನ್ನು ಹಿರೋಳ್ಳಿಗೆ ದಾಟಿಸಿದೆ. ಮಹಾರಾಷ್ಟ್ರದ ಗಡಿಯ ಹತ್ತಿರದ ಊರು. ಒಮ್ಮೆ ಆಚೆ ಹೋದರೆ ತಿರುಗಿ ಬರುವ ಭಯವಿಲ್ಲ. ಇಂಥ ಅನುಭವಸ್ಥೆಯನ್ನು ಚೇಳಿನಾಟಕ್ಕೆ ಕರೆದರೆ!

ಹಾಸಿದ ಜಮಖಾನೆಯ ಮೇಲೆ ಕೂತೆವು. ನನ್ನ ಬಲಕ್ಕೆ ಬೀಗತಿ, ಎಡಕ್ಕೆ ಬಸು. ನಾಲ್ಕನೆಯವರು ಬೇಕಲ್ಲ? ಕಟ್ಟೆಯ ಮೇಲಿನ ಗಂಡಸರು ಬರುವುದಿಲ್ಲ ಅಂದರು. ಲೆಕ್ಕಕ್ಕೆ ಒಬ್ಬಳಿರಲಿ ಎಂದು ಬಾಣಂತಿಯನ್ನೇ ಒಳಗಿನಿಂದ ಕರೆದು ತಾಯಿಯ ಆಚೆ ಪಕ್ಕಕ್ಕೆ ಕೂರಿಸಿದೆವು. ಕಿವಿಗೆ ಬಟ್ಟೆ ಕಟ್ಟಿಕೊಂಡು, ತನ್ನ ಮೊಬೈಲು ಹಿಡಿದುಕೊಂಡು ಬಂದು ಕೂತಳು.

“ನಿನಗ ತಿಳಿಲಿಕ್ಕಂದ್ರ ಕೇಳು ಬೇ,” ಅಂದೆ ನಾನು, ದೊಡ್ಡ ಮನಸ್ಸಿನಿಂದ.

“ಹೂಂ ರಿ ಅತ್ತಿ,” ಅಂದಳು.

ಮೊದಲು ಚೇಳು ಬಂದದ್ದು ನನ್ನ ಕೈಗೆ. ಬಾಣ ಬಲಕ್ಕೆ. ತಡವೇಕೆ? ತೆಗೆದು ಬೀಗತಿಯ ಉಡಿಗೆ ಹಾಕಿದೆ. ಆಕೆಯ ಹುಬ್ಬು ಮೇಲೇರಿದ್ದನ್ನು ನೋಡಿ ನನಗೆ ಆದ ತೃಪ್ತಿ ಗಾಣಗಾಪುರದ ಪ್ರಸಾದದಲ್ಲೂ ಆಗಿರಲಿಲ್ಲ. ಮುಂದಿನ ಸುತ್ತಿಗೆ ಬಾಣ ಎಡಕ್ಕೆ. ಚೇಳು ತಿರುಗಿ ನನ್ನ ಕೈಗೆ.

“ನಿಮ್ಮದ ನಿಮಗ ಅಕ್ಕಾರ, ನಾವು ಮಂದೀದು ಇಟ್ಕೊಳ್ಳಂಗಿಲ್ಲ,” ಅಂದಳು.

“ಬೀಗರು ಕೊಟ್ಟಿದ್ದು ನಾವೂ ಇಟ್ಕೊಳ್ಳಂಗಿಲ್ಲ ತಗೋರಿ,” ಎಂದು ನಾನು ಮತ್ತೆ ಕೊಟ್ಟೆ. ಆಕೆ ಮತ್ತೆ ಕೊಟ್ಟಳು. ಗಂಟೆ ಹೊಡೆಯಿತು. ನನ್ನ ದೀಪ ಆರಿತು. ಎರಡನೆಯ ಸಲವೂ ಅದೇ ಕೊಡುಕೊಳ್ಳು, ಆಗ ಆಕೆಯ ದೀಪ ಆರಿತು. ನಾನು ಚಪ್ಪಾಳೆ ಹೊಡೆದದ್ದು ಸರಿಯಲ್ಲ ಎಂದು ಈಗ ಅನ್ನಿಸುತ್ತದೆ. ಮೂರನೆಯ ಸಲ ಚೇಳು ಆಕೆಯಲ್ಲಿ, ಬಾಣ ರೇಣುಕಾಳ ಕಡೆ. ಆಕೆ ಮಗಳಿಗೆ ಮಾವಿನಹಣ್ಣು ಕೊಟ್ಟು, ಚೇಳನ್ನು ಜೋಪಾನವಾಗಿ ಇಟ್ಟುಕೊಂಡು, ಬಾಣ ನನ್ನ ಕಡೆ ತಿರುಗಿದ ಕೂಡಲೇ ದಾಟಿಸಿದಳು. ನಾನೂ ಹಾಗೆಯೇ ಆಕೆಗೇ ಮರಳಿಸಿದೆ, ಎಡಗಡೆ ಮಗ ಕೂತಿದ್ದಾನೆ ಎಂಬುದೇ ಮರೆತಿತ್ತು. ನನ್ನ ಕಣ್ಣಿಗೆ ಪ್ರಪಂಚದಲ್ಲಿ ಒಂದೇ ದಿಕ್ಕು, ಅದರಲ್ಲಿ ಒಬ್ಬಳೇ ಬೀಗತಿ. ಆಕೆ ಮತ್ತೆ ನನಗೇ ಕೊಟ್ಟಳು. ಗಂಟೆ ಹೊಡೆಯಿತು. ನನ್ನ ಎರಡನೆಯ ದೀಪವೂ ಆರಿತು. ನಲವತ್ತು ವರ್ಷದ ಅನುಭವಸ್ಥೆ ಎಲ್ಲರಿಗಿಂತ ಮೊದಲು ಹೊರಗೆ!

“ಬಸುಗ ಯಾಕ ಕೊಡಲಿಲ್ಲ ನೀವು? ಅವ ಖಾಲಿ ಕುಂತಿದ್ದನಲ್ಲ,” ಎಂದು ಬೀಗತಿ ಕಿಚಾಯಿಸಿದಳು.

“ಹೆತ್ತ ಮಗನ ಕೈಯಾಗ ಚೇಳು ಇಡ್ಲೇನ್ರಿ? ನನ್ನ ಕರುಳು ಒಪ್ಪಲಿಲ್ಲ,” ಅಂದೆ. ಖರೇ ಹೇಳಬೇಕೆಂದರೆ ಕರುಳಿಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಆದರೆ ಬೀಗತಿ ಗಲ್ಲಕ್ಕೆ ಕೈ ಹಚ್ಚಿ, “ನನ್ನದೂ ಹಂಗೇ ರಿ. ಮಗಳಿಗೆ ಕೊಡಾಕ ಮನಸ್ಸs ಬರಲಿಲ್ಲ,” ಎಂದು ನನ್ನ ಸುಳ್ಳನ್ನೇ ತಾನೂ ಉಟ್ಟುಕೊಂಡಳು.

ಆಕೆಯ ಕರುಳು ಎಷ್ಟು ಹೊತ್ತು ಬಾಳಿತೆಂದರೆ ಒಂದೇ ಸುತ್ತು. ನಾನು ಹೊರಬಿದ್ದದ್ದರಿಂದ ಚೇಳು ಆಕೆಗೆ ಹೋಯಿತು, ಉಳಿದದ್ದು ಒಂದೇ ದೀಪ, ಬಾಣ ಮಗಳ ಕಡೆ. ಕೂಡಲೇ ಮಗಳಿಗೆ ಕೊಟ್ಟಳು! ಬಾಣ ತಿರುಗಿತು, ಮಗಳು ಸುಮ್ಮನೆ ತಾಯಿಗೇ ಮರಳಿ ಕೊಟ್ಟಳು. ತಾಯಿ ಮತ್ತೆ ಕೊಟ್ಟಳು, ಮಗಳು ಮತ್ತೆ ಮರಳಿಸಿದಳು. ಗಂಟೆ ಹೊಡೆಯಿತು.

“ಹೆತ್ತವ್ವಗ ಚೇಳು ಕೊಡ್ತಿ ಏನ ಬೇ?” ಎಂದು ಬೀಗತಿ ಕೂಗಿದಳು.

“ನೀನs ಕೊಟ್ಟಿದ್ದಲ್ಲ ಅವ್ವಾ,” ಅಂದಳು ರೇಣುಕಾ, ಮೊಬೈಲಿನಿಂದ ಕಣ್ಣೆತ್ತದೆ.

ಈಗ ಉಳಿದವರು ಗಂಡ ಹೆಂಡತಿ. ಬಸು ಗೆದ್ದರೆ? ಅವನ ಮನಸ್ಸಿನಲ್ಲಿದ್ದದ್ದು ಇಂಟರ್ನೆಟ್ಟಿನಲ್ಲಿ ಹುಡುಕಿದ, ಉಚ್ಚರಿಸಿದರೆ ಸೀನಿದ ಹಾಗೆ ಕೇಳುವ ಒಂದು ಹೆಸರು. ಚೇಳು ರೇಣುಕಾಳ ಬಳಿ. ನಾನು ಹೊರಬಿದ್ದವಳು, ನೋಡಲು ಅಡ್ಡಿಯಿರಲಿಲ್ಲ. ಅವಳ ಹಿಂದೆ ಹೋಗಿ ಇಣುಕಿದೆ. ಕೊಡು ಬೇ, ಕೊಡು, ಎಂದು ನನ್ನ ಕೈ ತುರಿಸುತ್ತಿತ್ತು. ಅವಳು ಕೊಡಲಿಲ್ಲ. ಮೊದಲ ಸುತ್ತಿಗೆ ಮಾವಿನಹಣ್ಣು ಕೊಟ್ಟಳು. ಎರಡನೆಯದಕ್ಕೆ ಹಡಗು. ಮೂರನೆಯದಕ್ಕೆ ಆನೆ. ಆಗ ನನಗೆ ಬೆಳಕಾಯಿತು: ಮೊದಲ ಮೂರು ಸುತ್ತು ಗಂಟೆ ಹೊಡೆಯುವುದೇ ಇಲ್ಲ! ನಮಗೂ ಹೇಳಿದ್ದರು, ನಾವು ಕೇಳಿದ್ದೆವು, ಕಿವಿಯಲ್ಲಿ ಮಾತ್ರ. ಕೈಗೆ ಬಂದ ಚೇಳನ್ನು ಒಂದು ಗಳಿಗೆ ತಣ್ಣಗೆ ಹಿಡಿದುಕೊಂಡು ಕೂರುವ ತಾಳ್ಮೆ ಇದ್ದವರಿಗೆ ಮಾತ್ರ ಈ ಆಟ. ನಾಲ್ಕನೆಯ ಸುತ್ತಿಗೆ ಚೇಳಿನ ಮೇಲೆ ಮುಸುಕು ಹೊದಿಸಿ ಗಂಡನಿಗೆ ದಾಟಿಸಿದಳು.

ಸರಿಯಾಗಿ ಆಗಲೇ ಒಳಗೆ ಕೂಸು ಅತ್ತಿತು. ಬಸು ಹೆಂಡತಿಯ ಮುಖ ನೋಡಿದ. ಹೆಂಡತಿ ಮೊಬೈಲು ನೋಡಿದಳು. ಅವನು ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಕೂಸು ಹುಟ್ಟಿದಂದಿನಿಂದ ಮೊದಲ ಸಲ ಅವನೇ ಎದ್ದು ತೂಗಲು ಹೋದ. ತೂಗಿ ಬರುವಷ್ಟರಲ್ಲಿ ಗಂಟೆ ಹೊಡೆದು ಅವನ ದೀಪಗಳು ಆರಿದ್ದವು.

“ಇದು ಯಾವಾಗ ಕಲ್ತಿ ನೀ?” ಎಂದು ಬಸು ಬಾಯಿ ತೆರೆದ.

“ಬಸಿರಿದ್ದಾಗಿಂದ ಪ್ರತಿ ಶನಿವಾರ, ಐತವಾರ ಆಡಾಕತ್ತೇನಿ,” ಅಂದಳು. ನಮಗೆ ಅವಳು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆಂದು ಗೊತ್ತಿತ್ತು, ಅಷ್ಟೇ.

ನಾನು, ಬೀಗತಿ ಇಬ್ಬರೂ ಅವಳ ಎರಡು ಪಕ್ಕಕ್ಕೆ ಸರಿದು ಕೂತೆವು. ಗೆದ್ದವಳು ಸೊಸೆಯಾದರೇನು, ಗುರುಬಾಯಿಗೆ ಇನ್ನೂ ದಾರಿಯುಂಟು ಎಂದು ನಾನು. ಹೆತ್ತ ಮಗಳು, ಚಂದಮ್ಮನನ್ನು ಬಿಟ್ಟುಕೊಡಲಾರಳು ಎಂದು ಆಕೆ. “ನಮ್ಮವ್ವಾ, ನಮ್ಮ ರೇಣಕ್ಕ,” ಎಂದು ಇಬ್ಬರೂ ಬೆನ್ನು ಸವರಿದೆವು.

“ಕಸ್ತೂರಿ,” ಅಂದಳು.

“ಯಾರ ಹೆಸರದು?” ಅಂದಳು ಬೀಗತಿ.

“ಯಾರದೂ ಅಲ್ಲ. ನನ್ನ ಮಗಳದು.”

ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು ತೂಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದೆವು. ಕೂಸು ನನ್ನ ಕಡೆ ತಿರುಗಿ ನಕ್ಕಿತು. ಬೀಗತಿ ಅದು ಗಾಳಿಗೆ ನಕ್ಕದ್ದು ಅನ್ನುತ್ತಾಳೆ. ಆಕೆಗೆ ಕಣ್ಣು ಸರಿ ಕಾಣುವುದಿಲ್ಲ. ಆಮೇಲೆ ನಡುಮನೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಕಟ್ಟೆಯ ಮೇಲಿನ ಗಂಡಸರೂ ಬಂದರು, ಹೋಳಿಗೆಯ ವಿಷಯದಲ್ಲಿ ಅವರು ಯಾವಾಗಲೂ ಇರುತ್ತಾರೆ. ಬಡಿಸಿದವನು ಬಸು.

ಕಟ್ಟಿನ ಸಾರು ಸುರಿದುಕೊಳ್ಳುತ್ತ ನಾನು ಸೊಸೆಯನ್ನು ಕೇಳಿದೆ, “ಮೊದಲs ಹೇಳಿದ್ರ ಇಷ್ಟು ಫಜೀತಿ ಆಗತಿತ್ತೇನು ಬೇ? ಒಂದು ತಿಂಗಳು ಕೂಸಿಗಿ ಹೆಸರಿಲ್ಲದಂಗಾತು.”

“ನೀವು ಕೇಳಿದ್ರೇನ್ರಿ ಅತ್ತಿ?” ಅಂದಳು.

ನಾನೂ ಬೀಗತಿಯೂ ಒಮ್ಮೆಲೇ ತುಪ್ಪದ ಗಿಂಡಿಗೆ ಕೈ ಚಾಚಿದೆವು. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು, “ಕಸ್ತೂರಿ... ಭಾಳ ಚಂದ ಹೆಸರು ಬಿಡು,” ಅಂದೆ. ಅದೇ ಉಸಿರಿನಲ್ಲಿ ಬೀಗತಿಯೂ ಅದನ್ನೇ ಅಂದಳು. ನಮ್ಮಿಬ್ಬರ ಮಾತು ಕೂಡಿದ್ದು ಮಕ್ಕಳ ಮದುವೆಯಾದ ಮೇಲೆ ಅದೇ ಮೊದಲು. ಎಲ್ಲರೂ ನಕ್ಕರು, ರೇಣುಕಾಳೂ ನಕ್ಕಳು. ಅಲ್ಲಿಗೆ ಸುಮ್ಮನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಮೊದಲು ಅಂದವಳು ನಾನು. ಬೀಗತಿ ತಾನು ಅನ್ನುತ್ತಾಳೆ. ಎರಡನೆಯ ಹೋಳಿಗೆ ಮುಗಿದರೂ ಅದು ತೀರ್ಮಾನವಾಗಲಿಲ್ಲ.