ಭಾನುವಾರದ ಟ್ರ್ಯಾಕ್ಟರುಗಳು

ಟ್ರ್ಯಾಕ್ಟರ್ ಕೊಳ್ಳದೆ, ಟ್ರ್ಯಾಕ್ಟರಿನಿಂದಲೇ ಇಡೀ ತೋಟ ಮಾಡಿ ಮುಗಿಸಿದ ಗಂಡಸು ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ದೊಡ್ಡ ಮಾವ, ಅಂದರೆ ನಮ್ಮಮ್ಮನ ದೊಡ್ಡಣ್ಣ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಅಷ್ಟೂ ಶೋರೂಮಿನವರು ಅವರ ಮನೆ ಹುಡುಕಿಕೊಂಡು ಬಂದುಬಿಟ್ಟಾರು!

ಮಾವನಿಗೆ ಪರೀಕ್ಷೆ ಮಾಡದೆ ಏನನ್ನೂ ಕೊಂಡು ಗೊತ್ತಿಲ್ಲ. ಕೊಡೆ ಕೊಳ್ಳಲು ಹೋದರೆ ಅಂಗಡಿಯ ಮುಂದೆ ಅದನ್ನು ಬಿಚ್ಚಿ ಹಿಡಿದು, ಮಳೆ ಬರಲಿ ಎಂದು ಕಾಯುವವರು ಅವರು. ಚಪ್ಪಲಿಯಾದರೆ ಹಾಕಿಕೊಂಡು ವಿಜಯನಗರದ ಬಸ್ ಸ್ಟ್ಯಾಂಡಿನವರೆಗೂ ನಡೆದುಬಿಡುತ್ತಾರೆ, ಅಂಗಡಿಯವನು ಹಿಂದೆ ಓಡಿ ಬರಬೇಕು. ನಮ್ಮತ್ತೆಯನ್ನು ಮಾತ್ರ ಮೊದಲ ನೋಟಕ್ಕೇ ಒಪ್ಪಿಕೊಂಡರಂತೆ. ಅದಕ್ಕೇ ಈಗ ಮಿಕ್ಕಿದ್ದೆಲ್ಲದರ ಮೇಲೂ ಅನುಮಾನ ಎಂದು ಅತ್ತೆಯೇ ನಗುತ್ತಾರೆ.

ಇದು ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲದ ಮಾತು. ಬ್ಯಾಡರಹಳ್ಳಿಯ ಹೊಲ ಲೇಔಟ್ ಆದ ಮೇಲೆ ಮಾವ ಕೈಕಟ್ಟಿ ಕೂರಲಿಲ್ಲ. ಹೊಸ ಅಪಾರ್ಟ್‌ಮೆಂಟುಗಳಿಗೆ ಲಾನು, ಹೂಗಿಡ ಹಾಕಿಕೊಡುವ ಗಾರ್ಡನ್ ಕಂಟ್ರಾಕ್ಟ್ ಶುರು ಮಾಡಿದರು. ಆಯುಷ್ಯವೆಲ್ಲ ಹುಲ್ಲು ಕಿತ್ತು ರಾಗಿ ಉಳಿಸಿದವರಿಗೆ ಈಗ ಹುಲ್ಲಿಗೇ ನೀರು, ಹುಲ್ಲಿಗೇ ಗೊಬ್ಬರ! ಮೊದಮೊದಲು ಅವರಿಗೆ ನಾಚಿಕೆಯಾಗುತ್ತಿತ್ತಂತೆ. ಆಮೇಲೆ ರೂಢಿಯಾಯಿತು. ಕೆಲಸ ಹೆಚ್ಚಿದಂತೆ ಗುದ್ದಲಿ ಸಾಲದಾಯಿತು. ದೊಡ್ಡ ಟ್ರ್ಯಾಕ್ಟರ್ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತೂರುವುದಿಲ್ಲ. ಹಾಗಾಗಿ ಒಂದು ಮಿನಿ ಟ್ರ್ಯಾಕ್ಟರ್ ಕೊಳ್ಳುವುದೆಂದು ತೀರ್ಮಾನವಾಯಿತು.

ತೀರ್ಮಾನವಾದದ್ದೇನೋ ಸರಿ, ಆರಿಸುವವರು ಯಾರು? ಇಲ್ಲಿ ನಮ್ಮ ಚಿಕ್ಕ ಮಾವನ ವಿಷಯ ಹೇಳಲೇಬೇಕು. ಅವರು ದೊಡ್ಡ ಮಾವನ ಒಬ್ಬನೇ ತಮ್ಮ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೊಲವಿದ್ದಾಗ ಮನೆಯ ಪಂಪ್‌ಸೆಟ್ಟು, ಹೊಲ ಉಳುವ ಪವರ್ ಟಿಲ್ಲರು ಎಲ್ಲವೂ ಅವರ ಸುಪರ್ದಿ. ಅದರಲ್ಲೂ ಆ ಟಿಲ್ಲರಿಗೆ ಅವರು ಮಾಡಿದ ಆರೈಕೆಯನ್ನು ಬಾಣಂತಿಗೂ ಯಾರೂ ಮಾಡಿರಲಾರರು. ಹೊಲ ಕೈಬಿಟ್ಟ ವರ್ಷ ದೊಡ್ಡ ಮಾವ ಹಿತ್ತಿಲು ಚೊಕ್ಕ ಮಾಡುವ ಭರದಲ್ಲಿ ಆ ಟಿಲ್ಲರನ್ನು ತಮ್ಮನಿಗೆ ಒಂದು ಮಾತೂ ಹೇಳದೆ ಗುಜರಿಯವನಿಗೆ ಕೊಟ್ಟುಬಿಟ್ಟರು. ಸಂಜೆ ಡ್ಯೂಟಿ ಮುಗಿಸಿ ಬಂದ ಚಿಕ್ಕ ಮಾವ ಖಾಲಿ ಜಾಗ ನೋಡಿದರು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ಅಣ್ಣನ ಜೊತೆ ಮಾತು ಬಿಟ್ಟರು, ಅಷ್ಟೆ. ಎರಡು ಮನೆಗಳ ನಡುವೆ ಒಂದೇ ಬೀದಿ. ಹಬ್ಬಕ್ಕೆ ಒಬ್ಬಟ್ಟು ಆ ಕಡೆ ಈ ಕಡೆ ಓಡಾಡುತ್ತಿತ್ತು, ಅಣ್ಣತಮ್ಮಂದಿರು ಮಾತ್ರ ಇಲ್ಲ. ತಮ್ಮ ಹೂಂ ಅನ್ನದೆ ಒಂದು ಮೆಷೀನು ಮನೆಗೆ ಬರುವುದೆಂದರೆ ದೊಡ್ಡ ಮಾವನಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ. ಹೋಗಿ ಕೇಳೋಣವೆಂದರೆ ಬಾಯಿ ಬಾರದು.

ಅಂತೂ ಶೋರೂಮ್ ಸುತ್ತುವ ಭಾಗ್ಯ ನನ್ನದಾಯಿತು. ನಾನು ಬಸವೇಶ್ವರನಗರದಲ್ಲಿ ಸ್ಕೂಲ್ ಟೀಚರು, ನನ್ನದೊಂದು ಸ್ಕೂಟಿ. ಮಾವ ಅಪಾರ್ಟ್‌ಮೆಂಟಿನ ಗೇಟಿನ ಅಗಲಕ್ಕೆ ಸರಿಯಾಗಿ ಒಂದು ಬಿದಿರು ಗಳು ಕತ್ತರಿಸಿಕೊಂಡು ಬಂದು ಹಿಂದೆ ಕೂತರು. ಗಳುವನ್ನು ಅಡ್ಡ ಹಿಡಿದರೆ ಇಡೀ ರಸ್ತೆ ನಮ್ಮದೇ, ಉದ್ದ ಹಿಡಿದರೆ ಮೆರವಣಿಗೆ. ನಾಗರಬಾವಿ ಸರ್ಕಲ್ಲಿನಲ್ಲಿ ಪೊಲೀಸಿನವನು ನಿಲ್ಲಿಸಿ ಯಾವ ಸಂಘಟನೆಯವರು ನೀವು ಎಂದು ಕೇಳಿದ!

ನಾಯಂಡಹಳ್ಳಿಯ ಶೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಎಚ್‌ಪಿ, ಗೇರು, ಲಿಫ್ಟು, ವಾರಂಟಿ ಎಂದು ಗಿಣಿಯ ಹಾಗೆ ಒಪ್ಪಿಸಿದ. ಮಾವ ಗಳು ಇಟ್ಟು ಅಳೆದರು, ಬಾನೆಟ್ ಸವರಿದರು, ಡೀಸೆಲ್ ಮುಚ್ಚಳ ತೆಗೆದು ಮೂಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅದೆಲ್ಲ ಸರಿ ಕಣಪ್ಪ. ಇದ್ರ ಗುಣ ಹೇಗೆ?"

ಸೇಲ್ಸ್‌ಮನ್ ಪುಸ್ತಿಕೆಯನ್ನು ಹಿಂದೆ ಮುಂದೆ ತಿರುವಿದ. ಗುಣ ಯಾವ ಪುಟದಲ್ಲೂ ಇರಲಿಲ್ಲ. ಕೊನೆಗೆ ಪಾಪ, ನಿಮ್ಮ ಜಾಗಕ್ಕೇ ಗಾಡಿ ಕಳಿಸುತ್ತೇವೆ, ಡೆಮೊ ನೋಡಿ ಎಂದ. ಮಾವನ ಮುಖ ಅರಳಿತು. ಡೆಮೊ ಭಾನುವಾರವೇ ಆಗಬೇಕು, ಬ್ಯಾಡರಹಳ್ಳಿಯಲ್ಲಿ ತಾವು ಆಗ ತೋಟ ಮಾಡುತ್ತಿದ್ದ ಅಪಾರ್ಟ್‌ಮೆಂಟಿನ ಸೈಟಿನಲ್ಲೇ ಆಗಬೇಕು ಎಂದು ಪಟ್ಟು ಹಿಡಿದರು. ಆ ಸೈಟಿರುವುದು ಚಿಕ್ಕ ಮಾವನ ಮನೆಯ ಎದುರಿಗೆ, ಭಾನುವಾರ ಅವರಿಗೆ ರಜೆ ಎಂಬುದು ಸೇಲ್ಸ್‌ಮನ್‌ಗೆ ಹೇಗೆ ಗೊತ್ತಾಗಬೇಕು?

ಮೊದಲ ಭಾನುವಾರ ನೀಲಿ ಟ್ರ್ಯಾಕ್ಟರ್ ಬಂತು. ಕಟ್ಟಡದ ಹಿಂದುಮುಂದಿನ ಹಳ್ಳದಿಣ್ಣೆಯನ್ನೆಲ್ಲ ಸಮ ಮಾಡಿತು. ಮಾವ ನೋಡಿದ್ದು ಟ್ರ್ಯಾಕ್ಟರನ್ನಲ್ಲ, ಎದುರು ಮನೆಯನ್ನು. ಚಿಕ್ಕ ಮಾವ ಅಂಗಳದಲ್ಲಿ ಈ ಕಡೆಗೆ ಬೆನ್ನು ಮಾಡಿ ಬೈಕು ತೊಳೆಯುತ್ತಿದ್ದರು. ಸಂಜೆಯಾದರೂ ತಿರುಗಲಿಲ್ಲ. ಈ ಟ್ರ್ಯಾಕ್ಟರ್ ಯಾಕೋ ಸರಿ ಕಾಣಲಿಲ್ಲ ಎಂದು ಮಾವ ವಾಪಸ್ ಕಳಿಸಿದರು. ಮುಂದಿನ ಭಾನುವಾರ ಬೇರೊಂದು ಶೋರೂಮಿನ ಕೆಂಪು ಟ್ರ್ಯಾಕ್ಟರ್ ರೋಟವೇಟರ್ ಹಾಕಿಕೊಂಡು ಬಂದು ಮಣ್ಣನ್ನು ಪುಡಿ ಮಾಡಿಕೊಟ್ಟಿತು. ಚಿಕ್ಕ ಮಾವ ಬೈಕು ತೊಳೆದರು. ಅದರ ಮುಂದಿನ ಭಾನುವಾರ ಹಸಿರು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕೆಮ್ಮಣ್ಣು, ಗೊಬ್ಬರ ಹೊತ್ತು ಹಾಕಿತು. ಚಿಕ್ಕ ಮಾವ ಮತ್ತೆ ತೊಳೆದರು. ಅಷ್ಟು ಸ್ನಾನ ಕಂಡ ಬೈಕು ಮಾಗಡಿ ರಸ್ತೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಆದರೆ ಅದರ ಕನ್ನಡಿಯನ್ನು ಅವರು ಒರೆಸಿದ್ದೇ ಒರೆಸಿದ್ದು, ಈ ಕಡೆಗೆ ವಾಲಿಸಿಕೊಂಡು!

ಇತ್ತ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಎಲ್ಲಿಲ್ಲದ ಸಂತೋಷ. ವಾರಕ್ಕೊಂದು ಬಣ್ಣದ ಟ್ರ್ಯಾಕ್ಟರ್ ತರಿಸುವ ಕಂಟ್ರಾಕ್ಟರನ್ನು ಅವರು ಎಲ್ಲೂ ಕಂಡಿರಲಿಲ್ಲ. ಇನ್ನೇನು, ಲಾನ್ ಹಾಸಿದರೆ ಕೆಲಸ ಮುಗಿಯಿತು ಎಂದರು. ಅದನ್ನು ಕೇಳಿ ಮಾವನಿಗೆ ಚಿಂತೆ ಹತ್ತಿತು. ಲಾನ್ ಹಾಸಿದ ಮೇಲೆ ಅಲ್ಲಿ ಟ್ರ್ಯಾಕ್ಟರಿನ ಚಕ್ರ ಇಡಲಾದೀತೇ? ಡೆಮೊ ಇಲ್ಲದಿದ್ದರೆ ತಮ್ಮನನ್ನು ಕರೆಯಲು ಇನ್ನು ಯಾವ ನೆಪವಿದೆ? ಯೋಚನೆ ಮಾಡಿ ಒಂದು ಉಪಾಯ ಹೂಡಿದರು. ಸಮವಾಗಿದ್ದ ನೆಲದ ನಟ್ಟನಡುವೆ ಆಳುಗಳಿಂದ ಮಣ್ಣು ಗುಡ್ಡೆ ಹಾಕಿಸಿದರು, ಮಿಕ್ಕಿದ್ದನ್ನೆಲ್ಲ ನೀರು ಹಾಯಿಸಿ ತುಳಿಸಿ ಗಟ್ಟಿ ಮಾಡಿಸಿದರು. ಸೆಕ್ರೆಟರಿ ಓಡಿ ಬಂದು ಇದೇನು ಸಾರ್ ಎಂದರೆ, ಭೂಮಿಗೆ ಸ್ವಲ್ಪ ಉಸಿರಾಡಲು ಬಿಡಬೇಕು ಎಂದು ಗಂಭೀರವಾಗಿ ಹೇಳಿದರು. ಓದಿದವರಲ್ಲವೇ, ಸೆಕ್ರೆಟರಿ ನಂಬಿದರು.

ನಾಲ್ಕನೇ ಭಾನುವಾರ ಕಿತ್ತಳೆ ಬಣ್ಣದ್ದು ಬಂತು. ಅದರ ಡ್ರೈವರನಿಗೆ ಮನೆಗೆ ಹೋಗುವ ಆತುರ. ಸಾಲಿನ ಕೊನೆಗೆ ಬಂದಾಗ ರೋಟವೇಟರನ್ನು ಮೇಲೆತ್ತದೆ, ಅದು ಮಣ್ಣಿನಲ್ಲಿ ತಿರುಗುತ್ತಿರುವಾಗಲೇ ಗಾಡಿಯನ್ನು ಗಿರಕ್ಕನೆ ತಿರುಗಿಸುತ್ತಿದ್ದ. ಒಂದು ಸಲ ತಿರುಗಿಸಿದ, ಕಟಕಟ ಸದ್ದಾಯಿತು. ಎರಡನೇ ಸಲವೂ ಹಾಗೇ. ಮೂರನೆಯದಕ್ಕೆ ಎದುರು ಮನೆಯ ಗೇಟು ದಡಾರೆಂದು ತೆರೆಯಿತು. ಪಂಚೆ ಎತ್ತಿಕಟ್ಟಿಕೊಂಡು, ಕೈಯಲ್ಲಿ ನೀರಿನ ಪೈಪು ಹಾಗೇ ಹಿಡಿದು, ಚಿಕ್ಕ ಮಾವ ರಸ್ತೆ ದಾಟಿ ಬಂದರು. ಕೈ ತೋರಿಸಿ ಗಾಡಿ ನಿಲ್ಲಿಸಿದರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ನಿಂತ್ಕೊಂಡು ನೋಡ್ತಾ ಇದೀಯಲ್ಲ, ಎತ್ತಿ ತಿರುಗ್ಸು ಅಂತ ಹೇಳಕ್ಕಾಗಲ್ವಾ ಅವನಿಗೆ?"

"ನಂಗೇನ್ ಗೊತ್ತಾಗತ್ತೆ ಕಣೋ," ಎಂದರು ದೊಡ್ಡ ಮಾವ. "ಅದನ್ನೆಲ್ಲ ನೋಡ್ತಿದ್ದೋನು ನೀನಲ್ವಾ."

ಚಿಕ್ಕ ಮಾವ ಪೈಪು ಕೆಳಗಿಟ್ಟರು. ದೊಡ್ಡ ಮಾವ ನೆಲ ನೋಡುತ್ತಾ, ಅವತ್ತು ಟಿಲ್ಲರ್ ಕೊಡುವ ಮುಂಚೆ ನಿನ್ನನ್ನು ಕೇಳಬೇಕಿತ್ತು, ತಪ್ಪಾಯಿತು ಎಂದರು. ತಮ್ಮ ಗಾಡಿ ಹತ್ತಿ ಕೂತು ಸ್ಟಾರ್ಟ್ ಮಾಡಿದರು, ಕಿವಿಗೊಟ್ಟು ಕೇಳಿದರು, ಕ್ಲಚ್ಚು ಒತ್ತಿ ನೋಡಿದರು. ಇಳಿದು ಬಂದು, ಇದು ಬೇಡ, ನಿನ್ನ ಮಂಡಿಗೆ ಈ ಕ್ಲಚ್ಚು ಆಗಲ್ಲ ಎಂದರು. ಅಣ್ಣನಿಗೆ ಮಂಡಿನೋವು ಶುರುವಾದದ್ದು ಮಾತು ಬಿಟ್ಟ ಮೇಲೆ. ಅದು ತಮ್ಮನಿಗೆ ಗೊತ್ತಿತ್ತು!

ಮುಂದಿನ ಶನಿವಾರ ಸಂಜೆ ಇಬ್ಬರೂ ಸೇರಿ ನಾಯಂಡಹಳ್ಳಿಯಿಂದ, ಚಿಕ್ಕ ಮಾವ ಹೂಂ ಅಂದ ಆ ಮೊದಲ ನೀಲಿಯದನ್ನೇ ತಂದರು. ಮಾವನ ಪರೀಕ್ಷೆಯಿಲ್ಲ, ಗಳುವಿಲ್ಲ, ಗುಣದ ವಿಚಾರಣೆಯಿಲ್ಲ. ಚಿಕ್ಕ ಮಾವ ಸೀಟಿನಲ್ಲಿ, ದೊಡ್ಡ ಮಾವ ಪಕ್ಕದ ಮಡ್‌ಗಾರ್ಡಿನ ಮೇಲೆ, ಹಿಂದೆ ನನ್ನ ಸ್ಕೂಟಿ. ಚಿಕ್ಕ ಮಾವ ದಾರಿಯುದ್ದಕ್ಕೂ ಅಣ್ಣನನ್ನು ಬೈಯುತ್ತಲೇ ಇದ್ದರು. ಟಿಲ್ಲರಿಗಾಗಿ ಬೈದರು, ಮಣ್ಣು ಗುಡ್ಡೆ ಹಾಕಿಸಿದ್ದಕ್ಕೆ ಬೈದರು, ಆಯಿಲ್ ನೋಡದೆ ಡೆಮೊ ಕೊಟ್ಟವರನ್ನೆಲ್ಲ ಸಾಲಾಗಿ ಬೈದರು. ಸುಂಕದಕಟ್ಟೆಯ ಹತ್ತಿರ ಟ್ರಾಫಿಕ್ ನಿಂತಾಗ ನಾನು ಪಕ್ಕಕ್ಕೆ ಹೋಗಿ, ಸಾಕು ಅನ್ನಬಾರದಾ ಮಾವ ಎಂದು ಪಿಸುಗುಟ್ಟಿದೆ. ದೊಡ್ಡ ಮಾವ ಮಡ್‌ಗಾರ್ಡಿನಿಂದ ನನ್ನ ಕಡೆಗೆ ಬಗ್ಗಿದರು. ಕಣ್ಣು ತುಂಬಿತ್ತು, ಬಾಯಿ ತುಂಬ ನಗು.

"ಬೈಲಿ ಬಿಡಮ್ಮ," ಎಂದರು. "ಎಷ್ಟು ವರ್ಷ ಆಗಿತ್ತು, ಅವನ ಕೈಲಿ ಬೈಸ್ಕೊಂಡು."