ಅರ್ಧ ಆಂಪಿಯರಿನ ಹಾರ್ಡ್ ಡಿಸ್ಕ್

ದರ್ಜಿ ನಖ್ಲೆ ಗುರುವಾರ ಬೆಳಿಗ್ಗೆ ತೀರಿಕೊಂಡ. ಎಪ್ಪತ್ತೆರಡು ವರ್ಷ. ಹೃದಯ ನಿಂತಿತು ಎಂದರು ಡಾಕ್ಟರು.

ಲೆಬನಾನಿನ ಬಂದರು ಊರು ಮೀನಾದ ಗೋಡೆಗಳ ಮೇಲೆ ಅಂಟಿಸಿದ ಮರಣಪತ್ರದಲ್ಲಿ ಅವನ ಹೆಸರು, ತಂದೆಯ ಹೆಸರು, ಯಾವ ಚರ್ಚಿನಲ್ಲಿ ಎಷ್ಟು ಗಂಟೆಗೆ ಪ್ರಾರ್ಥನೆ ಎಂಬುದೆಲ್ಲ ಇತ್ತು. ನಲವತ್ತು ವರ್ಷ ಈ ಊರಿನ ಮದುಮಕ್ಕಳಿಗೆ ಸೂಟು ಹೊಲಿದದ್ದೂ ಇತ್ತು. ಒಂದು ಹಾರ್ಡ್ ಡಿಸ್ಕಿಗೆ ವೇಸ್ಟ್‌ಕೋಟು ಹೊಲಿದದ್ದು ಮಾತ್ರ ಇರಲಿಲ್ಲ. ಮರಣಪತ್ರದಲ್ಲಿ ಅಂಥದ್ದಕ್ಕೆ ಜಾಗ ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಹೇಳಬೇಕಾಗಿದೆ. ಹೇಳಹೊರಟರೆ ಫೋಟೋಗ್ರಾಫರ್ ಜಬ್ಬೂರನ ಮಾನ ಹೋಗುತ್ತದೆ. ಹೋಗಲಿ. ತಪ್ಪೂ ಅವನದೇ.

ಜಬ್ಬೂರನದು ಮೂರನೇ ಮಹಡಿ, ನಖ್ಲೆಯದು ಎರಡನೇದು. ಸರ್ಕಾರದ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಸರ್ಕಾರಕ್ಕೂ ಗೊತ್ತಿರಲಿಲ್ಲ. ಹಾಗಾಗಿ ಬೀದಿಯ ಜನರೇಟರಿನಿಂದ ಇಬ್ಬರೂ ಸೇರಿ ಒಂದೇ ತಂತಿ ಎಳೆಸಿಕೊಂಡಿದ್ದರು. ಐದು ಆಂಪಿಯರ್. ಮೀನಾದಲ್ಲಿ ಈಗ ಮನುಷ್ಯನನ್ನು ಅಳೆಯುವುದೇ ಆಂಪಿಯರಿನಲ್ಲಿ. ಸಂಬಂಧ ಕೇಳಲು ಹೋದರೆ ಹುಡುಗ ಏನು ಓದಿದ್ದಾನೆ ಎನ್ನುವುದಕ್ಕೆ ಮೊದಲು ಮನೆಗೆ ಎಷ್ಟು ಆಂಪಿಯರ್ ಎಂದು ಕೇಳುತ್ತಾರೆ. ಐದಕ್ಕಿಂತ ಚೂರು ಹೆಚ್ಚು ಎಳೆದರೆ ಕೆಳಗೆ ಹೆಬ್ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಟ್ರಿಪ್ ಸ್ವಿಚ್ಚು ಟಪ್ಪನೆ ಬೀಳುತ್ತದೆ. ಆಮೇಲೆ ಯಾರಾದರೂ ಮೆಟ್ಟಿಲಿಳಿದು ಅದನ್ನು ಮೇಲೆತ್ತಬೇಕು. ಯಾರು ಕೊನೆಗೆ ಏನನ್ನು ಹಾಕಿದರೋ ಅವರೇ ಇಳಿಯಬೇಕು ಎಂಬುದು ಎರಡೂ ಮನೆಗಳ ಕಾನೂನು.

ಕಾನೂನು ಚೆನ್ನಾಗಿಯೇ ನಡೆಯುತ್ತಿತ್ತು, ಜಬ್ಬೂರ್ ಕಂಪ್ಯೂಟರ್ ತರುವವರೆಗೆ.

ಸ್ಟುಡಿಯೋ ಮುಚ್ಚಿದಾಗ ಜಬ್ಬೂರ್ ನಲವತ್ತೊಂದು ಡಬ್ಬ ನೆಗೆಟಿವ್‌ಗಳನ್ನು ಮನೆಗೆ ತಂದು ಹೆಂಡತಿ ಅಫೀಫೆಯ ಉಗ್ರಾಣದಲ್ಲಿ, ಆಲಿವ್ ಭರಣಿಗಳ ಪಕ್ಕ ಪೇರಿಸಿದ್ದ. ಅರ್ಧ ಊರಿನ ಮದುವೆಗಳು ಅದರಲ್ಲಿದ್ದವು. ಕಳೆದ ವರ್ಷ ಡಬ್ಬಗಳಿಂದ ಹುಳಿ ವಾಸನೆ ಏಳತೊಡಗಿತು. ಆ ವಾಸನೆ ಹಿಡಿದ ಫಿಲ್ಮು ಒಂದೆರಡು ಬೇಸಿಗೆಯಲ್ಲಿ ಸುರುಟಿಕೊಂಡು ಹಾಳಾಗುತ್ತದೆ. ಅಷ್ಟರೊಳಗೆ ಒಂದೊಂದನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳದಿದ್ದರೆ ಆ ಮುಖಗಳು ಮತ್ತೆ ಸಿಗುವುದಿಲ್ಲ.

"ಬೇಗ ಮುಗಿಸು ಮಾರಾಯ," ಎಂದಳು ಅಫೀಫೆ. "ಲಬ್ನೆ ಮೊಸರಿನ ಭರಣಿ ಮುಚ್ಚಳ ತೆಗೆದರೆ ಯಾರದೋ ಮದುವೆ ವಾಸನೆ ಬರ್ತದೆ."

ಜನರೇಟರು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹನ್ನೆರಡಕ್ಕೆ ನಿಲ್ಲುತ್ತಿತ್ತು. ಸಂಜೆಯ ಕರೆಂಟು ಅಫೀಫೆಯ ಬಟ್ಟೆ ಒಗೆಯುವ ಮಿಷಿನ್ನಿಗೆ, ಆಮೇಲೆ ಟೀವಿಗೆ. ಹಾಗಾಗಿ ಬೆಳಗಿನ ನಾಲ್ಕು ಗಂಟೆ ಜಬ್ಬೂರನದು. ಆದರೆ ಅವನು ಕೂತು ಹತ್ತು ನಿಮಿಷವಾಗುವಷ್ಟರಲ್ಲಿ ಟಪ್ ಎಂದು ಎಲ್ಲ ಆರಿಹೋಗುತ್ತಿತ್ತು. ಒಂದು ದಿನವಲ್ಲ, ದಿನಾ. ಎರಡು ಮಹಡಿಯ ಬಾಗಿಲುಗಳೂ ಒಟ್ಟಿಗೆ ತೆರೆಯುತ್ತಿದ್ದವು.

"ನಖ್ಲೆ, ಏನು ಹಾಕಿದೆ?"

"ನಾನಾ? ಸುಮ್ಮನೆ ಕೂತಿದ್ದೆ."

"ಸುಮ್ಮನೆ ಕೂತವನ ಮುಖ ಯಾಕೆ ಬೆವರಿದೆ?"

"ವಯಸ್ಸಾಯ್ತಲ್ಲ. ಈಗ ಕೂತರೂ ಬೆವರ್ತದೆ. ನಿನ್ನ ಆ ಮಿಷಿನ್ನೇ ಎಳೀತಿರಬೇಕು, ನೋಡು. ಇಳಿ, ಇಳಿ."

ಜಬ್ಬೂರ್ ಇಳಿಯುತ್ತಿದ್ದ. ಇಳಿಯುವಾಗ ಅವನ ಕಣ್ಣು ನಖ್ಲೆಯ ಅಂಗಿಯ ಮೇಲೆ ಬೀಳುತ್ತಿತ್ತು. ಒಂದು ಗೆರೆ ಸುಕ್ಕಿಲ್ಲ. ನಖ್ಲೆಗೆ ಅದೇ ದೊಡ್ಡ ಜಂಬ. "ಕಟಿಂಗ್ ಸರಿಯಾಗಿದ್ದರೆ ಅಂಗಿಗೆ ಇಸ್ತ್ರಿ ಬೇಡ ಕಣಯ್ಯಾ. ಬಟ್ಟೆ ತಾನಾಗಿ ಮಾತು ಕೇಳ್ತದೆ. ನನ್ನ ಮನೇಲಿ ಇಸ್ತ್ರಿಪೆಟ್ಟಿಗೇನೇ ಇಲ್ಲ" ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಜಬ್ಬೂರ್ ನಂಬಿದ್ದ. ಕ್ಯಾಮೆರಾದ ಹಿಂದೆ ನಿಂತು ಊರಿನವರ ಮುಖದ ಒಂದೊಂದು ಸುಕ್ಕನ್ನೂ ಪತ್ತೆ ಹಚ್ಚಿದ ಮನುಷ್ಯ ಇದನ್ನು ನಂಬಿದ್ದ ಎಂಬುದನ್ನು ಗಮನಿಸಬೇಕು.

ಒಂದು ಬೆಳಿಗ್ಗೆ ಚಿತ್ರಗಳು ಡಿಸ್ಕಿಗೆ ಇಳಿಯುತ್ತಿರುವಾಗಲೇ ಕರೆಂಟು ಹೋಯಿತು. ಮತ್ತೆ ಬಂದಾಗ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಹಲ್ಲು ಕಡಿದು ಸುಮ್ಮನಾಯಿತು. ಆರು ಡಬ್ಬಗಳ ಮದುವೆಗಳು ಅದರೊಂದಿಗೆ ಹೋದವು. ಎಲ್ಲ ಮೊದಲಿನಿಂದ ಮಾಡಬೇಕು, ಡಬ್ಬಗಳು ಕಾಯುವುದಿಲ್ಲ.

ಜಬ್ಬೂರ್ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಸತ್ತ ಡಿಸ್ಕನ್ನು ಹೊರಗೆಳೆದ, ಕನ್ನಡಕ ಏರಿಸಿ ಅದರ ಚೀಟಿಯನ್ನು ಓದಿದ. ಓದುತ್ತ ಓದುತ್ತ ಅವನ ಮುಖದಲ್ಲಿ ಬೆಳಕು ಮೂಡಿತು. ಒಂದು ಕಡೆ 0.9 ಆಂಪಿಯರ್, ಇನ್ನೊಂದು ಕಡೆ 0.7 ಆಂಪಿಯರ್.

"ಅಫೀಫೆ, ಕಳ್ಳ ಸಿಕ್ಕ," ಎಂದ. "ನಮ್ಮ ಐದು ಆಂಪಿಯರಿನಲ್ಲಿ ಒಂದೂವರೆಗಿಂತ ಹೆಚ್ಚನ್ನು ಈ ಅಂಗೈ ಅಗಲದ್ದು ಒಂದೇ ನುಂಗುತ್ತಿತ್ತು. ಇವತ್ತಿಗೆ ಇದರ ಆಟ ಮುಗೀತು. ಇಡೀ ಲೆಬನಾನಿನಲ್ಲಿ ಎಲ್ಲಕ್ಕಿಂತ ಕಡಿಮೆ ಕರೆಂಟು ತಿನ್ನುವ ಡಿಸ್ಕು ಹುಡುಕಿ ತರ್ತೇನೆ. ನೋಡ್ತಾ ಇರು, ನಮ್ಮನ್ನು ನೋಡಿ ಸರ್ಕಾರ ಕಲೀಬೇಕು."

"ಸರ್ಕಾರ ಆಮೇಲೆ ಕಲೀಲಿ. ಮೊದಲು ಊಟದ ಮೇಜಿಂದ ಆ ಮಿಷಿನ್ನಿನ ಕರುಳು ತೆಗಿ."

ನಖ್ಲೆಗೆ ವಿಷಯ ತಿಳಿದಾಗ ಅವನು ಬಹಳ ಹೊತ್ತು ಆ ಚೀಟಿಯನ್ನು ನೋಡಿದ. "ಅಬ್ಬಾ, ಒಂದೂವರೆ," ಎಂದ ಗಂಭೀರವಾಗಿ. "ಹೊಟ್ಟೆಬಾಕ." ಅಂಗಡಿಗೆ ತಾನೂ ಬರುತ್ತೇನೆಂದು ಕೋಟು ಹಾಕಿಕೊಂಡು ಹೊರಟ.

ಕಂಪ್ಯೂಟರ್ ಅಂಗಡಿಯ ಹುಸಾಮ್ ಗಡ್ಡ ನೆರೆಯುತ್ತಿರುವ ಸಮಾಧಾನದ ಮನುಷ್ಯ. ಮೂರು ಡಿಸ್ಕುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. "ಇದು ಜೋರಾಗಿ ತಿರುಗ್ತದೆ ಉಸ್ತಾದ್, ಕರೆಂಟೂ ಜಾಸ್ತಿ. ಇದು ನಿಧಾನ, ಕರೆಂಟು ಕಡಿಮೆ. ಇದರಲ್ಲಿ ತಿರುಗೋದೇ ಏನೂ ಇಲ್ಲ, ಬರೀ ಚಿಪ್ಪು. ಸುಮ್ಮನಿದ್ದಾಗ ಏನೂ ತಿನ್ನಲ್ಲ. ನಿಮಗೆ ಇದೇ ಒಳ್ಳೇದು."

ಜಬ್ಬೂರ್ ಮೂರನೆಯದನ್ನು ಎತ್ತಿ ತಿರುಗಿಸಿ ಚೀಟಿ ಓದಿದ. "ಒಂದೂವರೆ ಆಂಪಿಯರ್ ಅಂತ ಬರೆದಿದೆ."

"ಅದು ಹೆಚ್ಚೆಂದರೆ ಅಂತ ಬರೆದದ್ದು. ಅದೂ ಐದು ವೋಲ್ಟಿನ ಆಂಪಿಯರ್. ನಿಮ್ಮ ಗೋಡೆಯಲ್ಲಿ ಬರೋದು ಇನ್ನೂರ ಇಪ್ಪತ್ತು ವೋಲ್ಟು. ಗೋಡೆ ಲೆಕ್ಕದಲ್ಲಿ ಇವು ಮೂರೂ ಸೊಳ್ಳೆ ಕುಡಿದಷ್ಟೂ ಕುಡಿಯಲ್ಲ."

"ಹುಸಾಮ್, ಆಂಪಿಯರ್ ಅಂದರೆ ಆಂಪಿಯರ್. ಬೇರೂತಿನಲ್ಲೂ ಅದೇ, ಮೀನಾದಲ್ಲೂ ಅದೇ."

"ಉಸ್ತಾದ್, ಹಾಗಲ್ಲ, ಸ್ವಲ್ಪ ಕೇಳಿ..."

ನಖ್ಲೆ ಹುಸಾಮನ ತೋಳಿನ ಮೇಲೆ ಕೈಯಿಟ್ಟ. "ಬಿಡಪ್ಪ. ಬಟ್ಟೆಯಲ್ಲಿ ಮೀಟರ್ ಅಂದರೆ ಮೀಟರೇ. ಉಸ್ತಾದರಿಗೆ ಗೊತ್ತಿದೆ."

"ಮುಅಲ್ಲಿಮ್, ನೀವೂನಾ?" ಎಂದ ಹುಸಾಮ್, ನಖ್ಲೆಯತ್ತ ತಿರುಗಿ. ನಲವತ್ತು ವರ್ಷ ಕರೆಂಟಿನ ಇಸ್ತ್ರಿಪೆಟ್ಟಿಗೆಗಳ ನಡುವೆ ಬದುಕಿದ ದರ್ಜಿಗೆ ಇಷ್ಟು ಗೊತ್ತಿಲ್ಲವೇ ಎಂಬಂತೆ ನೋಡಿದ. ನಖ್ಲೆ ಚಾವಣಿಯ ಫ್ಯಾನು ನೋಡಿದ.

ಜಬ್ಬೂರ್ ನಡುವಿನದನ್ನು ಆರಿಸಿದ. ಲ್ಯಾಪ್‌ಟಾಪಿಗೆ ಹಾಕುವ ಪುಟ್ಟ, ನಿಧಾನದ ಡಿಸ್ಕು. ಚೀಟಿಯಲ್ಲಿ 0.55 ಆಂಪಿಯರ್. ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಯುದ್ಧ ಗೆದ್ದ ಸೇನಾಪತಿಯಂತೆ ಬಂದರಿನ ರಸ್ತೆಯುದ್ದಕ್ಕೂ ನಡೆದು ಬಂದ.

ಜೋಡಿಸುವ ಕೆಲಸ ಊಟದ ಮೇಜಿನ ಮೇಲೆ ನಡೆಯಿತು. ಆಚೆ ತುದಿಯಲ್ಲಿ ಅಫೀಫೆ ಮಾಂಸದ ಕಿಬ್ಬೆ ಉಂಡೆಗೆ ಬುರ್ಗುಲ್ ಗೋಧಿನುಚ್ಚು ನೆನೆಸಿದ್ದಳು. ನಖ್ಲೆ ಟಾರ್ಚು ಹಿಡಿದಿದ್ದ. ನಾಲ್ಕು ತಿರುಪುಗಳಲ್ಲಿ ಒಂದು ಕೈಜಾರಿ ಎಲ್ಲೋ ಬಿತ್ತು. ನಖ್ಲೆ ಉಪಕಾರವಾಗಲೆಂದು ಜೇಬಿನಿಂದ ಗುಂಡುಸೂಜಿ ಎತ್ತುವ ಅಯಸ್ಕಾಂತ ತೆಗೆದು ಡಿಸ್ಕಿನ ಮೇಲೆ ಆಡಿಸಿದ.

"ತೆಗಿ ಅದನ್ನ! ನಾಳೆ ಇದರೊಳಗೆ ನಲವತ್ತು ವರ್ಷದ ಮದುಮಕ್ಕಳು ಇರ್ತಾರೆ!"

"ನಾಳೆ ತಾನೆ? ಇವತ್ತು ಖಾಲಿ ಇದೆಯಲ್ಲ."

"ಖಾಲಿ ಇದ್ದರೂ ಅದಕ್ಕೆ ಮರ್ಯಾದೆ ಬೇಡವಾ?"

ಗಾಬರಿಯಲ್ಲಿ ಜಬ್ಬೂರ್ ಮೇಜನ್ನು ತಳ್ಳಿದ, ಟಾರ್ಚು ಉರುಳಿತು, ಬುರ್ಗುಲ್ ಪಾತ್ರೆಯ ಅರ್ಧ ನೀರು ನೆಲಕ್ಕೆ ಹೋಯಿತು. ತಿರುಪು ಸಿಗಲಿಲ್ಲ. ಭಾನುವಾರ ಸಿಕ್ಕಿತು, ಜಬ್ಬೂರನ ಕಿಬ್ಬೆಯಲ್ಲೇ, ಅವನ ಬಾಚಿಹಲ್ಲಿನ ಕೆಳಗೆ. "ಕಬ್ಬಿಣದ ಸತ್ವ ಇದೆ, ತಿನ್ನು," ಎಂದಳು ಅಫೀಫೆ.

ದೊಡ್ಡ ಡಿಸ್ಕಿನ ಜಾಗದಲ್ಲಿ ಕೂತ ಪುಟ್ಟ ಡಿಸ್ಕು ಮೂರೇ ತಿರುಪಿನಲ್ಲಿ ಅಲುಗಾಡುತ್ತ, ಡಬ್ಬದಲ್ಲಿ ಸಿಕ್ಕಿಕೊಂಡ ದುಂಬಿಯಂತೆ ಗುಂಯ್‌ಗುಡತೊಡಗಿತು. ಜಬ್ಬೂರನ ತಲೆ ಕೆಟ್ಟಿತು. ನಖ್ಲೆ ಟೇಪು ತಂದು ಡಿಸ್ಕಿನ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋದ. ಮರುದಿನ ಕೋಟಿನ ಭುಜಕ್ಕೆ ಹಾಕುವ ದಪ್ಪ ಬಟ್ಟೆಯಲ್ಲಿ, ಎರಡೂ ಬದಿಗೆ ಗಾಳಿಯಾಡಲು ಕಿಟಕಿ ಬಿಟ್ಟು, ಅಂಚಿಗೆ ಕೈಹೊಲಿಗೆ ಹಾಕಿದ ಒಂದು ಪುಟ್ಟ ವೇಸ್ಟ್‌ಕೋಟು ತಂದು ಅದಕ್ಕೆ ತೊಡಿಸಿದ. ಗುಂಯ್ ಎನ್ನುವುದು ನಿಂತಿತು. ಮೀನಾದಲ್ಲಿ ಅಳತೆ ಕೊಟ್ಟು ಬಟ್ಟೆ ಹೊಲಿಸಿಕೊಂಡ ಹಾರ್ಡ್ ಡಿಸ್ಕು ಅದೊಂದೇ.

"ಕೈ ಸ್ವಲ್ಪ ಬಿಗಿಯಾಯ್ತೇನೋ," ಎಂದ ನಖ್ಲೆ.

"ಇದಕ್ಕೆ ಕೈ ಇಲ್ವಲ್ಲೋ."

"ಅದಕ್ಕೇ ತಕರಾರು ಮಾಡ್ತಿಲ್ಲ. ಮನುಷ್ಯರಿಗಿಂತ ವಾಸಿ."

ಇನ್ನು ಪವಾಡ ಕೇಳಿ. ಮರುದಿನದಿಂದ ಟ್ರಿಪ್ ಸ್ವಿಚ್ಚು ಬೀಳಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ಜಬ್ಬೂರನನ್ನು ಹಿಡಿಯುವವರೇ ಇಲ್ಲವಾಯಿತು. ಕ್ಷೌರದಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ, ಮೀನಿನ ಸಾಲಿನಲ್ಲಿ ಹಾರ್ಡ್ ಡಿಸ್ಕಿನ ಮೇಲೆ ಭಾಷಣ ಮಾಡಿದ. ಇಬ್ಬರು ಅಮಾಯಕರು ಅವನ ಮಾತು ನಂಬಿ ತಮ್ಮ ಡಿಸ್ಕನ್ನೂ ಬದಲಾಯಿಸಿದರು. ಅವರ ಮನೆಯ ಸ್ವಿಚ್ಚುಗಳು ಮೊದಲಿನಂತೆಯೇ ಬೀಳುತ್ತಿದ್ದವು. "ನೀವು ತಿರುಪು ನಾಲ್ಕೂ ಹಾಕಿರಬೇಕು," ಎಂದ ಜಬ್ಬೂರ್.

ಅದೇ ದಿನಗಳಲ್ಲಿ ನಖ್ಲೆಯ ಅಂಗಿ ಸುಕ್ಕಾಗತೊಡಗಿತು. ಮೊದಲು ಬೆನ್ನು. ಒಂದು ವಾರದ ಮೇಲೆ ಮುಂಭಾಗವೂ ಹೋಯಿತು, ತೋಳುಗಳು ಮಾತ್ರ ನೆಟ್ಟಗಿದ್ದವು. ಆಮೇಲೆ ಕೆಲವು ದಿನ ಬರೀ ಕಾಲರು.

"ಏನಯ್ಯಾ ದರ್ಜಿ, ಅಂಗಿ ಹಾಕಿಕೊಂಡೇ ಮಲಗ್ತೀಯಾ? ಬಟ್ಟೆ ತಾನಾಗಿ ಮಾತು ಕೇಳ್ತದೆ ಅಂತಿದ್ದೆ?"

"ಅದಕ್ಕೂ ವಯಸ್ಸಾಯ್ತು ಕಣಯ್ಯಾ. ಈಗ ಅರ್ಧ ಮಾತ್ರ ಕೇಳ್ತದೆ."

ಜಬ್ಬೂರ್ ಕಾಫಿಯ ಮುಂದೆ ಕೂತು ಬಹಳ ನಕ್ಕಿದ್ದ. ನಖ್ಲೆಯೂ ನಕ್ಕಿದ್ದ. ಡಬ್ಬಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಹುರುಪು ಹೆಚ್ಚಿದಂತೆ ಜಬ್ಬೂರ್ ಬೆಳಗಿನ ಕಾಫಿಯನ್ನು ಬೇಗ ಬೇಗ ಮುಗಿಸಿ ದಿನದಿಂದ ದಿನಕ್ಕೆ ಇನ್ನಷ್ಟು ಮುಂಚೆ ಮಿಷಿನ್ನಿನ ಮುಂದೆ ಕೂರುತ್ತಿದ್ದ. ಆ ಗುರುವಾರ ಮೂವತ್ತೊಂಬತ್ತನೇ ಡಬ್ಬ ನಡೆಯುತ್ತಿತ್ತು.

ಹತ್ತು ಗಂಟೆಗೆ ಅಫೀಫೆ ಎಂದಿನಂತೆ ನಖ್ಲೆಗೆ ಕಾಫಿ ಒಯ್ದಳು. ಬಾಗಿಲು ಎಂದಿನಂತೆ ಬರೀ ಮುಂದೆ ಮಾಡಿತ್ತು. ಅವನು ಕುರ್ಚಿಯಲ್ಲಿ ಕೂತಿದ್ದ. ಕಾಫಿಯನ್ನು ಅಲ್ಲೇ ಇಟ್ಟು ಅವಳು ಮೆಟ್ಟಿಲ ಬುಡದಲ್ಲಿ ನಿಂತು ಗಂಡನನ್ನು ಕರೆದಳು. ಆ ಕರೆ ಬೇರೆಯದೇ ಇತ್ತು, ಜಬ್ಬೂರ್ ಚಪ್ಪಲಿ ಇಲ್ಲದೆ ಇಳಿದ.

ಡಾಕ್ಟರು ಬಂದು ಹೋದರು. ಸತ್ತು ಒಂದೂವರೆ ಗಂಟೆಯಾದರೂ ಆಗಿದೆ ಎಂದರು. ಮನುಷ್ಯನಿಗೆ ಉಡಿಸಬೇಕಲ್ಲ, ಸೂಟು ಕಪಾಟಿನಲ್ಲಿತ್ತು. ಅಂಗಿ ಹುಡುಕುತ್ತ ಜಬ್ಬೂರ್ ಒಳಕೋಣೆಗೆ ಹೋದ. ಅಲ್ಲಿ ಇಸ್ತ್ರಿ ಹಲಗೆಯ ಮೇಲೆ ಬಿಳಿ ಅಂಗಿ ಹರಡಿತ್ತು. ಪಕ್ಕದಲ್ಲಿ ಹಳೇ ಕಾಲದ ದಪ್ಪ ಇಸ್ತ್ರಿಪೆಟ್ಟಿಗೆ ನಿಂತಿತ್ತು. ಜಬ್ಬೂರ್ ಅದನ್ನು ನೋಡುತ್ತಲೇ ಇದ್ದ.

"ಇವನ ಹತ್ರ ಇಸ್ತ್ರಿಪೆಟ್ಟಿಗೆ ಇತ್ತಾ?"

"ಇಲ್ಲದೆ?" ಎಂದಳು ಅಫೀಫೆ. ಅವಳ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಎಂದಿನಂತೆಯೇ ಇತ್ತು. "ಅದೊಂದೇ ನಾಲ್ಕೂವರೆ ಆಂಪಿಯರ್. ಅವನೇ ಹೇಳಿದ್ದ. ನಿನ್ನ ಆ ಡಿಸ್ಕು ಹೋದ ದಿನ ಇಲ್ಲಿ ಕೂತು ಅತ್ತ. 'ಅಮ್ಮಾ ಅಫೀಫೆ, ಆರು ಡಬ್ಬ ನಾನೇ ಸುಟ್ಟೆ, ಅವನಿಗೆ ಹೇಳಬೇಡ' ಅಂದ. ನಲವತ್ತು ವರ್ಷದ ಜಂಬ ಬಿಡಲಿಕ್ಕೂ ಆಗಲಿಲ್ಲ, ನಿನ್ನ ಕೆಲಸ ಕೆಡಿಸಲಿಕ್ಕೂ ಆಗಲಿಲ್ಲ. ಎಂಟಕ್ಕೆ ಜನರೇಟರ್ ಬಂದ ಮೇಲೆ ನಿನ್ನ ಮಿಷಿನ್ನು ಶುರುವಾಗೋ ತನಕ ಎಷ್ಟಾಗ್ತದೋ ಅಷ್ಟು ಇಸ್ತ್ರಿ. ನಿನಗೆ ಕಿವಿ ಮಂದ, ಕಂಪ್ಯೂಟರಿನ ಸದ್ದು ಅಷ್ಟು ಜೋರಾಗಿ ಇಟ್ಟಿರ್ತೀಯ. ಇಲ್ಲಿಗೆ ಚೆನ್ನಾಗಿ ಕೇಳ್ತದೆ."

"ಹಾಗಾದ್ರೆ ನನ್ನ ಡಿಸ್ಕು..."

"ನಿನ್ನ ಡಿಸ್ಕು ವೇಸ್ಟ್‌ಕೋಟು ಹಾಕಿಕೊಂಡು ಸುಮ್ಮನೆ ಕೂತಿತ್ತು."

ಜಬ್ಬೂರ್ ಇಸ್ತ್ರಿ ಹಲಗೆಯ ಮುಂದೆ ಬಂದು ನಿಂತ. ಆಮೇಲೆ, ಅಂಗಿಯನ್ನು ನಾನೇ ಮುಗಿಸುತ್ತೇನೆ ಎಂದು ಪ್ಲಗ್ಗಿಗೆ ಕೈ ಹಾಕಿದ.

"ಮೊದಲು ಮೇಲೆ ಹೋಗಿ ನಿನ್ನ ಮಿಷಿನ್ ನಿಲ್ಲಿಸಿ ಬಾ," ಎಂದಳು ಅಫೀಫೆ.

ಅವನು ಹೋಗಿ ನಿಲ್ಲಿಸಿ ಬಂದ.

ಆ ಬೆಳಿಗ್ಗೆ ಜಬ್ಬೂರ್ ಎರಡೇ ಗುಟುಕಿಗೆ ಕಾಫಿ ಮುಗಿಸಿ ಎಂಟು ಗಂಟೆ ಐದು ನಿಮಿಷಕ್ಕೇ ಕೂತಿದ್ದ. ಅಷ್ಟರಲ್ಲಿ ನಖ್ಲೆಗೆ ಕಾಲರು ಆಗಿತ್ತು, ಎಡತೋಳು ಆಗಿತ್ತು, ಬಲತೋಳನ್ನು ಹಲಗೆಯ ಮೇಲೆ ಹರಡಿ ಅಂಗೈಯಲ್ಲಿ ಸವರಿದ್ದ. ಮೇಲಿನಿಂದ ಕಂಪ್ಯೂಟರು ಶುರುವಾಗುವ ಸದ್ದು ಬಂತು. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ಪ್ಲಗ್ಗು ಕಿತ್ತು, ವೈರನ್ನು ಅಂದವಾಗಿ ಸುತ್ತಿ ಪಕ್ಕಕ್ಕಿಟ್ಟ.