ಕೆಂಪು ಕಡ್ಡಿಗಳಿಗೆ ನಾನು ಮಾಡಿದ ಕ್ಷೌರ

ಜೀವಮಾನವಿಡೀ ಕ್ಷೌರದಂಗಡಿ ನಡೆಸಿದವನು ನಾನು. ಇಂಗ್ಲೆಂಡಿನ ಲಡ್ಲೋ ಪೇಟೆಯ ಅರ್ಧದಷ್ಟು ತಲೆಗಳು ನನ್ನ ಮುಂದೆ ಬಾಗಿವೆ. ಪಾದ್ರಿಯದೂ ಬಾಗಿದೆ, ಪೊಲೀಸಿನವನದೂ ಬಾಗಿದೆ! ಅಂಥವನಿಗೆ ಅಂಗಳದ ನಾಲ್ಕು ಗಿಡ ಯಾವ ಲೆಕ್ಕ? ಫೆಬ್ರವರಿಯ ಆ ಶನಿವಾರ ಗಿಡ ಕತ್ತರಿ ಹಿಡಿದು ರಣರಂಗಕ್ಕೆ ಇಳಿದೇಬಿಟ್ಟೆ. ಹೆಂಡತಿ ಬೆರಿಲ್ ಮನೆಯಲ್ಲಿರಲಿಲ್ಲ. ಶೂರರು ಇಂಥ ಹೊತ್ತನ್ನೇ ಆರಿಸಿಕೊಳ್ಳುವುದು.

ಮರುದಿನ ಊರಿನವರು ನಮ್ಮ ತೋಟ ನೋಡಲು ಬರುವವರಿದ್ದರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಸರಿ, ಒಬ್ಬರ ತೋಟವನ್ನು ಹತ್ತು ಜನ ಸುತ್ತಿ ನೋಡಿ, ಹೊಗಳಿ, ಚಹಾ ಕುಡಿದು, ಕೇಕ್ ತಿಂದು, ಅದರ ದುಡ್ಡನ್ನು ಚರ್ಚಿನ ಸೋರುವ ಮಾಡಿನ ರಿಪೇರಿಗೆ ಕೊಡುವುದು ನಮ್ಮಲ್ಲಿನ ಪದ್ಧತಿ. ವರ್ಷಗಟ್ಟಲೆ ಕಾದ ಮೇಲೆ ಈ ಸಲ ತೋಟದ ಸಂಘದವರು ಬೆರಿಲ್‌ಳ ತೋಟವನ್ನು ಆರಿಸಿದ್ದರು. ಸಂಘದ ಅಧ್ಯಕ್ಷೆ ಮಿಸೆಸ್ ಫೆದರ್‌ಸ್ಟನ್ ಅವರೇ ಖುದ್ದಾಗಿ ಬರುತ್ತೇನೆ ಎಂದಿದ್ದರು. ಆ ಸುದ್ದಿ ಬಂದ ದಿನ ಬೆರಿಲ್ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ.

ನಮ್ಮ ಗೇಟಿನ ಪಕ್ಕ ಸಾಲಾಗಿ ಡಾಗ್‌ವುಡ್ ಗಿಡಗಳಿವೆ. ಬೇಸಗೆಯಲ್ಲಿ ಸಾಧಾರಣ ಹಸಿರು ಪೊದೆ. ಚಳಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ನನ್ನ ಕಣ್ಣಿಗೆ ಅವೆಲ್ಲ ಕ್ಷೌರ ಕಾಣದ ತಲೆಗಳು! ನಾಳೆ ಮನೆಗೆ ನಾಲ್ಕು ಜನ ಬರುವಾಗ ಹೀಗೆ ಕೆದರಿಕೊಂಡು ನಿಲ್ಲುವುದೇ? ಮದುವೆಯ ಹಿಂದಿನ ದಿನ ಮದುಮಗ ಎಲ್ಲಿಗೆ ಬರುತ್ತಾನೆ? ನನ್ನ ಅಂಗಡಿಗೆ! "ಈ ಗಿಡಾನ ವರ್ಷಕ್ಕೊಂದ್ಸಲ ಬುಡದ ತನಕ ಕತ್ತರಿಸ್ಬೇಕು" ಎಂದು ಬೆರಿಲ್ ಹೇಳಿದ್ದೂ ನೆನಪಿತ್ತು. ಯಾವಾಗ ಎಂದು ಕೇಳುವ ವ್ಯವಧಾನ ನನಗೆಲ್ಲಿ? ಕಚಕಚ, ಕಚಕಚ! ಚಹಾದ ಹೊತ್ತಿಗೆ ಇಡೀ ಸಾಲು ಬೋಳು.

ಆಗ ಫೋನು ಹೊಡೆದುಕೊಂಡಿತು. ಬೆರಿಲ್!

"ಲಯನಲ್, ಅಕ್ಕನ ಮನೇಲಿ ನಾಳೆಗೆ ಬೇಕಾದ ಕಪ್ಪು, ಸಾಸರು ಎಲ್ಲಾ ಸಿಕ್ತು. ಅಲ್ಲಿ ಬಿಸಿಲು ಬಂತಾ?"

"ಬಂದಿದೆ."

"ಕೆಂಪು ಕಡ್ಡಿ ಮೇಲೆ ಬಿದ್ದಿದೆಯಾ?"

ನಾನು ತಿರುಗಿ ನೋಡಿದೆ. "ಬಿದ್ದಿದೆ. ಪೂರ್ತಿ ಬಿದ್ದಿದೆ."

"ಮಿಸೆಸ್ ಫೆದರ್‌ಸ್ಟನ್ ಬರ್ತಿರೋದೇ ಅದನ್ನ ನೋಡೋಕೆ. ಎಲ್ಲರೂ ನೋಡಿ ಹೋದ್ಮೇಲೆ, ಮಾರ್ಚ್‌ನಲ್ಲಿ ನಾನೇ ಕತ್ತರಿಸ್ತೀನಿ. ಅಲ್ಲೀವರೆಗೂ ನೀನು ಅದರ ಹತ್ರ ಸುಳೀಬೇಡ ಮಾರಾಯ. ಸುಳಿದಿಲ್ಲ ತಾನೆ?"

"ನಾನಾ? ಛೆ ಛೆ! ಒಂದು ಕೂದಲೂ ಕೊಂಕಿಲ್ಲ!"

ಫೋನು ಇಟ್ಟವನು ಅಂಗಳಕ್ಕೆ ಬಂದು ನಿಂತೆ. ಇಳಿಬಿಸಿಲು ಅಡ್ಡಡ್ಡವಾಗಿ ಬಂದು ಹುಲ್ಲಿನ ಮೇಲೆ ಬಿದ್ದಿದ್ದ ರಾಶಿಗೆ ತಾಗಿತ್ತು. ಅಬ್ಬಬ್ಬಾ! ಕೆಂಪು ಎಂದರೆ ಎಂಥ ಕೆಂಪು! ಒಲೆಯಿಂದ ಆಗಷ್ಟೇ ಎಳೆದ ಕೆಂಡದ ಹಾಗೆ ಒಂದೊಂದು ಕಡ್ಡಿಯೂ ಉರಿಯುತ್ತಿತ್ತು. ಸುತ್ತ ಎಲ್ಲೆಲ್ಲೂ ಕಂದು, ಬೂದಿ, ಕೆಸರು. ನಡುವೆ ಇದೊಂದು ಬೆಳಕು! ಇದೇ ಗಿಡಗಳ ಪಕ್ಕದಲ್ಲಿ ಪ್ರತಿ ವಾರ ಕಸದ ಡಬ್ಬಿ ಎಳೆದುಕೊಂಡು ಹೋಗಿದ್ದೇನೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ಒಂದು ಕಡ್ಡಿ ಎತ್ತಿ ಬೆಳಕಿಗೆ ಹಿಡಿದೆ. ಇಷ್ಟು ಚೆಂದದ್ದನ್ನು ನೋಡಲು ನಾನು ಅದನ್ನು ಕಡಿದು ಹಾಕಬೇಕಾಯಿತಲ್ಲ ಎಂದು ಸಂಕಟವಾಯಿತು.

ಸಂಕಟದ ಬೆನ್ನಿಗೇ ಬೆರಿಲ್ ಅಡುಗೆಮನೆಯಲ್ಲಿ ಕುಣಿದದ್ದು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು! ಆದರೆ ಕ್ಷೌರಿಕನ ಬುದ್ಧಿ ಹೋಗುವುದಾದರೂ ಎಲ್ಲಿಗೆ? ಬೋಳು ತಲೆಗೆ ಟೋಪನ್ ಇಡುವ ವಿದ್ಯೆ ನನಗೆ ಗೊತ್ತಿಲ್ಲವೇ? ಒಂದೊಂದೇ ಕಡ್ಡಿಯನ್ನು ಹಸಿ ಮಣ್ಣಿಗೆ ಚುಚ್ಚುತ್ತಾ ಹೋದೆ. ಮಂಡಿಯೂರಿ ಚುಚ್ಚಿದೆ, ಹೊಟ್ಟೆಯ ಮೇಲೆ ಮಲಗಿ ಚುಚ್ಚಿದೆ. ಬುಡದ ಬೋಳನ್ನು ಒಣಗಿದ ಎಲೆಗಳಿಂದ ಮುಚ್ಚಿದೆ. ಕತ್ತಲಾದ ಮೇಲೆ ಬಂದ ಬೆರಿಲ್ ಕಪ್ಪು, ಸಾಸರು ಹೊತ್ತುಕೊಂಡು ನೇರ ಒಳಗೆ ಹೋದಳು. ಬೆಳಿಗ್ಗೆ ಅವಳಿಗೆ ಕೇಕು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

ಹನ್ನೊಂದಕ್ಕೆ ಗೇಟು ತೆರೆಯಿತು. ಮೊದಲು ಬಂದವರೇ ಮಿಸೆಸ್ ಫೆದರ್‌ಸ್ಟನ್! ಕೆಂಪು ಸಾಲಿನ ಮುಂದೆ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಎಂಥಾ ಬಣ್ಣ! ಏನು ನೆಟ್ಟಗೆ ನಿಂತಿವೆ ನೋಡಿ, ಸಿಪಾಯಿಗಳ ಹಾಗೆ!" ಎನ್ನುತ್ತಾ ಪ್ರೀತಿಯಿಂದ ಒಂದನ್ನು ಸವರಿದರು.

ಸಿಪಾಯಿ ಕೈಗೇ ಬಂದ.

ಆಕೆ ಆ ಕಡೆ ನೋಡಿದರು, ಈ ಕಡೆ ನೋಡಿದರು. ಮುಖ ಕಡ್ಡಿಗಿಂತ ಕೆಂಪಾಯಿತು. "ಸಾರಿ" ಎಂದರು. ನನಗಲ್ಲ, ಗಿಡಕ್ಕೆ! ಮೆಲ್ಲನೆ ಅದನ್ನು ಮಣ್ಣಿಗೆ ಚುಚ್ಚಿ, ಏನೂ ಆಗಿಲ್ಲವೆಂಬಂತೆ ಕೇಕಿನ ಮೇಜಿನ ಕಡೆ ನಡೆದರು.

ನಮ್ಮ ಜನ ಎಂಥವರು ಎಂದು ಆ ದಿನ ನನಗೆ ತಿಳಿಯಿತು. ನಮ್ಮ ಕಾಲು ತುಳಿದವರಿಗೆ ನಾವೇ ಸಾರಿ ಹೇಳುವವರು! ಹಿಂದೆಯೇ ಬಂದ ನಿವೃತ್ತ ಹೆಡ್‌ಮಾಸ್ಟರು ಮಿಸ್ಟರ್ ಆಕ್ರಾಯ್ಡ್ ಜಾರಿ ಒಂದು ಕಡ್ಡಿ ಹಿಡಿದುಕೊಂಡರು. ಅದೂ ಕೈಗೆ ಬಂತು. "ಸಾರಿ ಸಾರಿ!" ಎಂದು ಚುಚ್ಚಿ, ಬೂಟಿನಿಂದ ಮಣ್ಣು ಒತ್ತಿ, ಶಿಳ್ಳೆ ಹಾಕುತ್ತಾ ಹೋದರು. ಪ್ರತಿಯೊಬ್ಬರಿಗೂ ಮುರಿದದ್ದು ತಾವೇ ಎಂಬ ಭ್ರಮೆ. ಪ್ರತಿಯೊಬ್ಬರೂ ನೆಟ್ಟರು! ನಾನು ನೆಟ್ಟದ್ದಕ್ಕಿಂತ ಚೆನ್ನಾಗಿ ನೆಟ್ಟರು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ರಾಬಿನ್ ಹಕ್ಕಿ ಹಾರಿ ಬಂದು ಎತ್ತರದ ಕಡ್ಡಿಯ ತುದಿಯಲ್ಲಿ ಕೂತಿತು. ಕಡ್ಡಿ ನಿಧಾನವಾಗಿ ಬಾಗಿತು. ಇನ್ನಷ್ಟು ಬಾಗಿತು. ಕೊನೆಗೆ ಬೇರಿಲ್ಲದ ಬುಡ ಮೇಲೆ ಮಾಡಿಕೊಂಡು, ಹಕ್ಕಿಯ ಸಮೇತ ನೆಲಕ್ಕೆ ಮಲಗಿತು. ಅಂಗಳದ ತುಂಬ ಇದ್ದ ಜನ ಒಟ್ಟಿಗೇ ಆಕಾಶ ನೋಡಿದರು.

"ಇವತ್ತು ಸ್ವಲ್ಪ ಚಳಿ ಜಾಸ್ತಿ ಅಲ್ವಾ?" ಎಂದರು ಮಿಸ್ಟರ್ ಆಕ್ರಾಯ್ಡ್.

"ಹೌದೌದು, ನಿನ್ನೆಗಿಂತ ಜಾಸ್ತಿ" ಎಂದಿತು ಇಡೀ ಊರು.

ಅವರ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಇಂಥ ದೊಡ್ಡತನ ಯಾವ ದೇಶದಲ್ಲಿದೆ!

ಸಂಜೆ ಎಲ್ಲರೂ ಹೋದ ಮೇಲೆ ಬೆರಿಲ್ ಅಡುಗೆಮನೆಯಲ್ಲಿ ಬೂಟು ಬಿಚ್ಚಿ ಕುರ್ಚಿಗೆ ಒರಗಿದಳು.

"ಒಂದು ಚೂರು ಕೇಕೂ ಉಳಿದಿಲ್ಲ, ಲಯನಲ್. ಯಾಕೆ ಗೊತ್ತಾ?"

"ನಿನ್ನ ಕೈರುಚಿ!"

"ಅಲ್ಲ. ತಪ್ಪು ಮಾಡಿದೋರು ತಲೆ ತಗ್ಗಿಸ್ಕೊಂಡು ತಿಂತಾನೇ ಇದ್ರು. ಮಿಸೆಸ್ ಫೆದರ್‌ಸ್ಟನ್ ಇಲ್ಲಿಗೇ ಬಂದು ನನ್ನ ಕೈ ಹಿಡ್ಕೊಂಡ್ರು. 'ಬೆರಿಲ್, ಇಂಥ ಕೆಂಪು ನಾನು ಎಲ್ಲೂ ನೋಡಿಲ್ಲ, ಅಂಥದ್ದನ್ನ ಮುರಿದುಬಿಟ್ಟೆ, ಸಾರಿ' ಅಂತ ಕಣ್ಣಲ್ಲಿ ನೀರು. ಆಮೇಲೆ ಆಕ್ರಾಯ್ಡ್ ಬಂದ್ರು. ಆಮೇಲೆ ಪಾದ್ರಿ. ಆಮೇಲೆ ಬಾಗಿಲಲ್ಲಿ ಕ್ಯೂ ನಿಂತಿತ್ತು. ಮೊದಲನೆಯವರು ಹೇಳಿದಾಗ ನಂಬಿದೆ. ಪಾದ್ರಿನೂ ಹೇಳಿದ್ಮೇಲೆ ಹೋಗಿ ಎಲೆ ಸರಿಸಿ ನೋಡ್ಕೊಂಡು ಬಂದೆ."

"ಅವರಿಗೆಲ್ಲಾ... ಏನಂದೆ?"

"ಪರವಾಗಿಲ್ಲ ಅಂದೆ. ಒಬ್ಬೊಬ್ಬರನ್ನೂ ಕ್ಷಮಿಸಿದೆ."

ಇಷ್ಟು ದೊಡ್ಡ ಮನಸ್ಸಿನ ಹೆಂಗಸಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಎಂದು ನನ್ನ ಎದೆ ಉಬ್ಬಿತು. ಜೀವವೂ ಬಂತು.

"ಹಾಗಾದ್ರೆ ಎಲ್ಲಾ ಸರಿಹೋಯ್ತು ಅನ್ನು!" ಎಂದು ಕುರ್ಚಿ ಎಳೆದುಕೊಂಡೆ.

ಬೆರಿಲ್ ಒಂದೇ ಕಪ್ಪಿಗೆ ಚಹಾ ಸುರಿದುಕೊಂಡಳು. ಒಂದು ಗುಟುಕು ಕುಡಿದಳು.

"ಊರಿಗೆ ಊರೇ ಸಾರಿ ಹೇಳಿ ಹೋಯ್ತು, ಲಯನಲ್. ಕತ್ತರಿಸಿದವನೊಬ್ಬ ಬಾಕಿ."